ಓರೆ ಕಾಜ

"ಈ ಭಾನುವಾರವೇ ಕೊನೆ! ಆಮೇಲೆ ಈ ಮನೇಲಿ ಒಂದೋ ನಿನ್ನ ಆಟದ ಮಾತು ಇರ್ಬೇಕು, ಇಲ್ಲ ನಾನಿರ್ಬೇಕು!"

ಹೀಗೆಂದು ಅತ್ತೆ ದೊಡ್ಡ ಕತ್ತರಿಯನ್ನು ಊಟದ ಮೇಜಿನ ಮೇಲೆ ಠಣ್ ಎಂದು ಇಟ್ಟರು. ಕೆಳಗೆ ಹೊಲಿಗೆ ಅಂಗಡಿ, ಮೇಲೆ ಮನೆ, ನಡುವೆ ಹದಿನಾಲ್ಕು ಮೆಟ್ಟಿಲು. ಅಂಗಡಿಯ ಸಾಮಾನು ಮೇಲೆ ಹತ್ತಬಾರದು, ಮನೆಯ ಜಗಳ ಕೆಳಗೆ ಇಳಿಯಬಾರದು ಎಂಬ ಕಟ್ಟಳೆ ಮಾಡಿದವರೇ ಅತ್ತೆ. ಆ ಕಟ್ಟಳೆಯನ್ನು ಇವತ್ತು ಅವರೇ ಮುರಿದಿದ್ದಾರೆಂದರೆ ಸಿಟ್ಟು ಎಷ್ಟಿರಬೇಕು, ನೀವೇ ಲೆಕ್ಕ ಹಾಕಿ! ಸೊಸೆ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಡುವುದನ್ನೂ ಮರೆತು ನಿಂತಳು.

ಸೊಸೆ ಮಾಡಿದ ಅಪರಾಧವಾದರೂ ಏನು? ಹಗಲು ಅಂಗಡಿಯಲ್ಲಿ ಗಿರಾಕಿಗಳ ಅಳತೆ ಬರೆದುಕೊಂಡು, ಗುಂಡಿ ಹಚ್ಚಿ, ಸಂಜೆ ಎರಡು ತಾಸು ತನ್ನ ಕೋಣೆಯಲ್ಲಿ ಮೈಕಿನ ಮುಂದೆ ಕೂರುತ್ತಿದ್ದಳು. ಯಾವ ವಿಡಿಯೊ ಗೇಮ್ ಆಡಲು ಚೆನ್ನ, ಯಾವುದು ಬರೀ ಬಣ್ಣ, ಯಾವ ಫೋನು ನಾವಾಡುವ ಮಾತನ್ನೆಲ್ಲ ಕದ್ದು ಕೇಳುತ್ತದೆ, ಯಂತ್ರ ಬಿಡಿಸಿದ ಚಿತ್ರಕ್ಕೆ ಚಿತ್ರಕಾರ ಯಾರು... ಇಂಥದ್ದರ ಮೇಲೆಲ್ಲ ಅವಳಿಗೊಂದು ಅಭಿಪ್ರಾಯ ಇತ್ತು, ಅದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಅತ್ತೆ, "ಎಂಥ ಬಾಯಿಬಡುಕೀನ ತಂದೆಯಪ್ಪಾ!" ಎಂದು ಮಗನ ಮುಂದೆ ಗೊಣಗಿದ್ದು ಅವಳ ಕಿವಿಗೂ ಬಿದ್ದಿತ್ತು. ಅವಳೋ ಅಳುವ ಬದಲು ಅದನ್ನೇ ಚಾನೆಲ್ಲಿನ ಹೆಸರು ಮಾಡಿಕೊಂಡಳು. ಈಗ ಸಾವಿರಾರು ಜನ "ಬಾಯಿಬಡುಕಿ ಏನಂದಳು?" ಎಂದು ಭಾನುವಾರಕ್ಕೆ ಕಾಯುತ್ತಿದ್ದರು. ಬೇರೆಲ್ಲೂ ಅವಳನ್ನು ಯಾರೂ ಹಾಗೆ ಕೇಳಿದ್ದಿಲ್ಲ. ಹುಟ್ಟಿದ ಮನೆಯಲ್ಲಿ ಸುಮ್ಮನಿರು ಎಂದರು, ಕೊಟ್ಟ ಮನೆಯಲ್ಲೂ ಸುಮ್ಮನಿರು ಎಂದರು.

ಎಡವಟ್ಟಾದದ್ದು ಹೋದ ವಾರ. ಹೆಸರುವಾಸಿ ಆಟವೊಂದರಲ್ಲಿ ಮುಚ್ಚಿದ ಪೆಟ್ಟಿಗೆಗಳನ್ನು ಮಾರುತ್ತಿದ್ದರು, ಒಳಗೆ ಏನಿದೆ ಎಂಬುದು ಕೊಂಡ ಮೇಲೆಯೇ ತಿಳಿಯುವುದು. "ಇದು ಆಟ ಅಲ್ಲ, ಮಕ್ಕಳಿಗೆ ಕಲಿಸೋ ಜೂಜು" ಎಂದಳು. ಅಷ್ಟೇ! ಆ ಆಟದ ಅಭಿಮಾನಿಗಳಿಗೆ ಮೈಯೆಲ್ಲ ಉರಿಯಿತು. ಹುಡುಕಿ ಹುಡುಕಿ ಅವಳು ಯಾವ ಅಂಗಡಿಯ ಸೊಸೆ ಎಂದು ಪತ್ತೆ ಹಚ್ಚಿ, ಹೊಲಿಗೆ ಅಂಗಡಿಯ ಆನ್‌ಲೈನ್ ಪುಟಕ್ಕೆ ಹೋಗಿ ಒಬ್ಬೊಬ್ಬರೂ ಐದರಲ್ಲಿ ಒಂದೊಂದೇ ನಕ್ಷತ್ರ ಕೊಟ್ಟು ಬಂದರು.

"ಅಮ್ಮ, ಅವಳು ಹೇಳಿದ್ರಲ್ಲಿ ತಪ್ಪೇನಿದೆ..." ಎಂದು ಗಂಡ ಬಾಯಿ ತೆರೆದ. ಅವನು ಬಸ್ ಚಾಲಕ. ಎಂಥ ಕಿಕ್ಕಿರಿದ ರಸ್ತೆಯಲ್ಲೂ ಬಸ್ಸನ್ನು ಸೂಜಿಗೆ ದಾರ ಪೋಣಿಸಿದ ಹಾಗೆ ದಾಟಿಸುವವನು ತಾಯಿ ಮತ್ತು ಹೆಂಡತಿಯ ನಡುವೆ ಮಾತ್ರ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾಗುತ್ತಿದ್ದ.

"ತಪ್ಪೋ ಸರಿಯೋ ನಂಗೇನು ಗೊತ್ತು? ನಾನೇನು ಆಟ ಆಡಿದವಳಾ?" ಅತ್ತೆ ಫೋನನ್ನು ಅವನ ಮುಂದೆ ಹಿಡಿದರು. "ನಲವತ್ತು ವರ್ಷ ಹೊಲಿದಿದ್ದೀನಿ ಕಣೋ. ದಾರ ಬಿಟ್ಟಿದೆ ಅಂತ ಒಬ್ಬ ಗಿರಾಕಿ ವಾಪಸ್ ಬಂದಿಲ್ಲ. ಈಗ ನೋಡು... 'ಅಳತೆ ಗೊತ್ತಿಲ್ಲ', 'ಬಟ್ಟೆ ಹಾಳು ಮಾಡ್ತಾರೆ'! ಇವರ ಮೈಗೆ ನಾನು ಯಾವತ್ತು ಟೇಪು ಹಿಡಿದಿದ್ದೆ? ನಿಮ್ಮಪ್ಪ ಕಟ್ಟಿದ ಅಂಗಡಿ ಇದು... ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು ಅಂತ ಸುಮ್ನೆ ಅಂದ್ರಾ ಹಿರಿಯರು?"

ಬೈಗುಳಕ್ಕಾದರೆ ಸೊಸೆ ಉತ್ತರ ಕೊಡುತ್ತಿದ್ದಳು. ಆದರೆ ಅತ್ತೆಯ ಕಣ್ಣಲ್ಲಿ ನೀರು! ಅದನ್ನು ಅವಳು ಮಾವ ತೀರಿಹೋದ ದಿನ ಬಿಟ್ಟರೆ ಕಂಡಿರಲಿಲ್ಲ.

"ಆಯ್ತು ಅತ್ತೆ," ಎಂದಳು ಮೆಲ್ಲಗೆ. "ಈ ಭಾನುವಾರ ಒಂದ್ಸಲ ಎಲ್ಲರಿಗೂ ಹೇಳಿ ಬಂದ್ಬಿಡ್ತೀನಿ. ಆಮೇಲೆ ಮೈಕು ಪೆಟ್ಟಿಗೆಗೆ ಹಾಕ್ತೀನಿ."

"ಹಾಕು. ಆ ಹೆಬ್ಬೆರಳಾದ್ರೂ ಉಳಿಯುತ್ತೆ," ಎಂದು ಅತ್ತೆ ಕತ್ತರಿ ಎತ್ತಿಕೊಂಡು ಕೆಳಗಿಳಿದರು. ಸೊಸೆಯ ಬಲಗೈ ಹೆಬ್ಬೆರಳು ಆಟದ ಗುಂಡಿ ಒತ್ತಿ ಒತ್ತಿ ಊದಿಕೊಂಡು, ತಿಂಗಳಿಂದ ಅದಕ್ಕೊಂದು ಪಟ್ಟಿ ಸುತ್ತಿತ್ತು.

ಗುರುವಾರ ಮಧ್ಯಾಹ್ನ ಕೊನೆಯ ಮಾತಿಗೆಂದು ಹೊಸ ಆಟವೊಂದನ್ನು ಆಡಲು ಕೂತಳು. ಕೋಟೆ ಕಾಯುವ ಕಾವಲುಗಾರರ ಕಥೆ, ಎಲ್ಲ ಕಡೆ ಅದರದ್ದೇ ಸುದ್ದಿ. ಹೆಬ್ಬಾಗಿಲಲ್ಲಿ ಮುದಿ ಕಾವಲುಗಾರನೊಬ್ಬ ನಿಂತಿದ್ದ. ಅವನ ಹತ್ತಿರ ಹೋದಳು. ಬೂದು ಕೋಟು, ಅಗಲ ಕಾಲರು, ಐದು ಗುಂಡಿ... ಎಲ್ಲೋ ನೋಡಿದಂತಿದೆಯಲ್ಲ? ಚಿತ್ರವನ್ನು ದೊಡ್ಡದು ಮಾಡಿದಳು. ನಾಲ್ಕು ಕಾಜ ನೆಟ್ಟಗಿವೆ, ಐದನೆಯದು ಓರೆ!

ಗುಂಡಿ ತೂರಿಸುವ ಆ ಸೀಳಿಗೆ ದರ್ಜಿಗಳು ಕಾಜ ಎನ್ನುತ್ತಾರೆ. ಅತ್ತೆ ಹೊಲಿದ ಯಾವ ಕೋಟನ್ನೇ ತೆಗೆದುಕೊಳ್ಳಿ, ಕೊನೆಯ ಕಾಜ ಸ್ವಲ್ಪ ಓರೆ. ಅದು ಅಂಗಡಿಯ ಗುರುತು ಎಂದು ಗಿರಾಕಿಗಳು ತಿಳಿದಿದ್ದರು. ಸೊಸೆ ಒಮ್ಮೆ ಯಾಕೆಂದು ಕೇಳಿದ್ದಕ್ಕೆ, "ಹಳೇ ಅಭ್ಯಾಸ, ಕೆಲಸ ನೋಡು ಹೋಗು" ಎಂದಿದ್ದರು. ಅವಳು ದಡದಡನೆ ಹದಿನಾಲ್ಕು ಮೆಟ್ಟಿಲಿಳಿದು ಅಂಗಡಿಯ ಗೊಂಬೆಗೆ ತೊಡಿಸಿದ್ದ ಬೂದು ಕೋಟನ್ನು ನೋಡಿದಳು. ಅದೇ ಕಾಲರು, ಅದೇ ಹೊಲಿಗೆ, ಅದೇ ಓರೆ!

ಕಳ್ಳರು! ಎಂದು ಹಲ್ಲು ಕಚ್ಚಿದವಳಿಗೆ ಮರುಕ್ಷಣವೇ ಇನ್ನೊಂದು ನೆನಪಾಯಿತು. ಅಂಗಡಿಯ ಪುಟ ಮಾಡಿದವಳು ಅವಳೇ. ಕೋಟುಗಳ ಫೋಟೊ ತೆಗೆದು, ಹಿಂದಿನ ಗೋಡೆ ಕಾಣದ ಹಾಗೆ ಮಾಡಲು ಪುಕ್ಕಟೆ ಸಿಗುವ ಒಂದು ಆ್ಯಪ್‌ಗೆ ಹಾಕಿದ್ದಳು. ಅದು ಉದ್ದನೆಯ ಷರತ್ತುಗಳನ್ನು ತೋರಿಸಿತ್ತು. ಬೆರಳಲ್ಲಿ ಸರಕ್ಕನೆ ಕೆಳಗೆಳೆದು "ಒಪ್ಪಿದೆ" ಎಂದು ಒತ್ತಿದ್ದಳು. ಈಗ ಫೋನಿನಲ್ಲಿ ಹುಡುಕಿ ಓದಿದಳು. "ನಿಮ್ಮ ಚಿತ್ರಗಳನ್ನು ನಮ್ಮ ಪಾಲುದಾರರಿಗೆ ಕೊಡಬಹುದು, ಯಂತ್ರಕ್ಕೆ ಕಲಿಸಲು ಬಳಸಬಹುದು." ಆಟದ ಕೊನೆಯಲ್ಲಿ ಓಡುವ ಹೆಸರುಗಳಲ್ಲಿ ಆ ಆ್ಯಪ್ ಕೂಡ ಇತ್ತು, "ಉಡುಪು: ಯಂತ್ರದ ನೆರವಿನಿಂದ" ಎಂಬ ಸಾಲಿನ ಕೆಳಗೆ. ಓದದೆ ಯಾವುದಕ್ಕೂ ಒಪ್ಪಬೇಡಿ ಎಂದು ವಾರವಾರವೂ ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವಳು ಯಾರು? ಇದೇ ಬಾಯಿಬಡುಕಿ! ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ...

ಸುಮ್ಮನಿದ್ದರೆ? ಅತ್ತೆ ಆಟ ಆಡುವವರಲ್ಲ, ಅವರಿಗೆ ತಿಳಿಯುವುದೇ ಇಲ್ಲ. ಭಾನುವಾರ ಎರಡು ಮಾತಾಡಿ ಕೈಮುಗಿದರೆ ಮನೆಯೂ ಉಳಿಯಿತು, ಮರ್ಯಾದೆಯೂ ಉಳಿಯಿತು. ಹೇಳಿದರೆ, "ನೋಡಿದೆಯಾ, ನಾನು ಹೇಳಿರಲಿಲ್ವಾ" ಎಂಬ ಮಾತನ್ನು ಜೀವಮಾನವಿಡೀ ಕೇಳಬೇಕು. ಅವಳು ಗೊಂಬೆಯ ಕೋಟಿನ ತುದಿ ಹಿಡಿದು ತುಂಬ ಹೊತ್ತು ನಿಂತಿದ್ದಳು. ಹಿಂದೆ ಅತ್ತೆಯ ಹೊಲಿಗೆ ಯಂತ್ರ ಟಕಟಕ ಓಡುತ್ತಲೇ ಇತ್ತು.

"ಅತ್ತೆ... ಒಂದು ತಪ್ಪಾಗಿದೆ."

"ಯಾರ ಅಳತೆ?"

"ಅಳತೆ ಅಲ್ಲ ಅತ್ತೆ. ನಿಮ್ಮ ಕೋಟನ್ನ ಕಳ್ಕೊಂಡಿದ್ದೀನಿ. ನಾನೇ... ನನ್ನ ಕೈಯಾರೆ ಕೊಟ್ಟುಬಿಟ್ಟಿದ್ದೀನಿ."

ಎಲ್ಲ ಹೇಳಿದಳು. ಒಂದನ್ನೂ ಬಿಡಲಿಲ್ಲ, ಓದದೆ ಒತ್ತಿದ್ದನ್ನೂ ಸೇರಿಸಿ. ಹೇಳುತ್ತ ಹೇಳುತ್ತ ಬಿಕ್ಕಿದಳು. ಅತ್ತೆ ಯಂತ್ರದಿಂದ ಕಾಲು ತೆಗೆದು, ಕನ್ನಡಕ ಒರೆಸಿ ಹಾಕಿಕೊಂಡು, "ಎಲ್ಲಿ, ತೋರಿಸು" ಎಂದರು.

ಸೊಸೆ ಮೇಲಿನಿಂದ ಲ್ಯಾಪ್‌ಟಾಪ್ ತಂದು ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟಳು. ಅತ್ತೆ ಮುದಿ ಕಾವಲುಗಾರನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇವನ ಅಳತೆ ತಗೊಂಡವರು ಯಾರು? ಭುಜ ಬಿದ್ದೋಗಿದೆ. ತಿರುಗಿಸು... ಅಯ್ಯಯ್ಯೋ, ಬೆನ್ನಿಗೆ ಹೊಲಿಗೇನೇ ಇಲ್ವಲ್ಲೇ! ಈ ಕೋಟನ್ನ ಇವನು ಹಾಕ್ಕೊಂಡಿದ್ದಾದ್ರೂ ಹೆಂಗೆ?"

ಅಳುತ್ತಿದ್ದ ಸೊಸೆಗೆ ನಗು ಬಂದುಬಿಟ್ಟಿತು. ಅತ್ತೆ ನಗಲಿಲ್ಲ. ಅವರ ಬೆರಳು ಪರದೆಯ ಮೇಲೆ ಕೊನೆಯ ಕಾಜದ ಹತ್ತಿರ ನಿಂತಿತ್ತು.

"ಇದನ್ನೂ ಮಾಡಿದ್ದಾರೆ," ಎಂದರು. "ಪಾಪ, ಯಾಕೆ ಓರೆ ಅಂತ ಅದಕ್ಕೇನು ಗೊತ್ತು..."

"ಯಾಕೆ ಅತ್ತೆ?"

ಅತ್ತೆ ಸ್ಟೂಲು ಎಳೆದುಕೊಂಡು ಕೂತರು. "ನಿಮ್ಮ ಮಾವನ ಕೈ ಮೇಲೆ ಇಸ್ತ್ರಿ ಪೆಟ್ಟಿಗೆ ಬಿದ್ದಿತ್ತು. ನಿನ್ನ ಗಂಡ ಇನ್ನೂ ಶಾಲೆಗೆ ಹೋಗ್ತಿದ್ದ ಆಗ. ಹೆಬ್ಬೆರಳು ಮಡಚೋಕೇ ಬರ್ತಿರಲಿಲ್ಲ. ಮೇಲಿನ ಗುಂಡಿ ಹೆಂಗೋ ಹಾಕ್ಕೊಳ್ಳೋರು. ಕೊನೇದಕ್ಕೆ ಕೈ ತಿರುಗಿಸ್ಬೇಕಲ್ಲ, ಆಗ್ತಿರಲಿಲ್ಲ. ನಾನು ಹಾಕ್ತೀನಿ ಅಂದ್ರೆ ಸಿಟ್ಟು! 'ನಾನೇನು ಮಗುನಾ?' ಅನ್ನೋರು. ಬಾಗಿಲು ಹಾಕ್ಕೊಂಡು ಒಳಗೆ ಒದ್ದಾಡೋರು. ಹೊರಗೆ ನಿಂತು ಕೇಳಿಸ್ಕೊಳ್ಳೋಕೆ ನನ್ನಿಂದ ಆಗ್ತಿರಲಿಲ್ಲಮ್ಮ... ಒಂದಿನ ಅವರ ಕೋಟಿನ ಕೊನೇ ಕಾಜ ಮುಚ್ಚಿ ಓರೆಯಾಗಿ ಇನ್ನೊಂದು ಕತ್ತರಿಸಿ ಹೊಲಿದೆ. ಗುಂಡಿ ತಾನಾಗೇ ಜಾರಿ ಕೂತ್ಕೊಳ್ತು. ಆದ್ರೆ ಅವರೂ ದರ್ಜಿ ಅಲ್ವಾ? ತಮ್ಮದು ಮಾತ್ರ ಓರೆ ಅಂತ ಕಂಡ್ರೆ ನೊಂದ್ಕೊಳ್ತಾರೆ. ಅದಕ್ಕೆ ಅಂಗಡಿಯ ಎಲ್ಲಾ ಕೋಟಿಗೂ ಓರೆ ಮಾಡಿಬಿಟ್ಟೆ. ಈಗ ಇದೇ ಫ್ಯಾಷನ್ನು ಅಂದೆ."

"ಮಾವ ನಂಬಿದ್ರಾ?"

"ನಂಬದೆ? ಒಂದು ವಾರಕ್ಕೇ ಕನ್ನಡಿ ಮುಂದೆ ನಿಂತು, 'ಲೇ, ಹೆಬ್ಬೆರಳು ವಾಸಿ ಆಗ್ತಾ ಇದೆ ಕಣೆ' ಅಂದ್ರು. ಹೌದು ರೀ ಅಂದೆ. ಹೋಗೋ ತನಕ ಹಾಗೇ ಅಂದ್ಕೊಂಡಿದ್ರು. ಅವರು ಹೋದ್ಮೇಲೂ ನಂಗೆ ನೆಟ್ಟಗೆ ಮಾಡೋಕೆ ಮನಸ್ಸು ಬರಲಿಲ್ಲ."

ಸೊಸೆ ಅತ್ತೆಯ ಮೊಣಕಾಲ ಬಳಿ ಕುಸಿದು ಕೂತಳು. "ಇದನ್ನ ಬಿಡೋಕಾಗಲ್ಲ ಅತ್ತೆ. ಭಾನುವಾರ ಎಲ್ಲ ಹೇಳ್ತೀನಿ. ನನ್ನ ತಪ್ಪನ್ನೂ ಹೇಳ್ತೀನಿ. ಜನ ಉಗುಳಲಿ, ನಂಗೆ ಹೆಂಗೂ ಅದೇ ಕೊನೆ."

ಅತ್ತೆ ಲ್ಯಾಪ್‌ಟಾಪ್ ಮುಚ್ಚಿದರು. "ಹೇಳು. ಆದ್ರೆ ಓರೆ ಯಾಕೆ ಅಂತ ಮಾತ್ರ ಹೇಳ್ಬೇಡ. ಅದು ನಮ್ಮನೆ ವಿಷಯ."

ಭಾನುವಾರ ಬಾಯಿಬಡುಕಿ ಬಾಯಿ ಬಿಟ್ಟಳು. ಒಂದು ಕಡೆ ಆಟದ ಕಾವಲುಗಾರ, ಇನ್ನೊಂದು ಕಡೆ ಅಂಗಡಿಯ ಗೊಂಬೆ. "ಯಂತ್ರ ತಾನಾಗಿ ಏನನ್ನೂ ಹುಟ್ಟಿಸಿಲ್ಲ. ನಲವತ್ತು ವರ್ಷ ಹೊಲಿದ ಒಬ್ಬರ ಕೈ ಇದರಲ್ಲಿದೆ. ಆ ಕೈಯನ್ನ ಕೇಳದೆ ಒಪ್ಪಿಗೆ ಕೊಟ್ಟವಳು ನಾನು. ನನ್ನ ಮಾತು ಕೇಳಿ ನೀವು ಷರತ್ತು ಓದಿದ್ರಿ, ನಾನು ಓದಲಿಲ್ಲ. ಕ್ಷಮಿಸಿ." ಎರಡೇ ದಿನದಲ್ಲಿ ಆ ಮಾತು ಎಲ್ಲ ಕಡೆ ಹಬ್ಬಿತು. ಉಗಿದವರು ಉಗಿದರು. ಆದರೆ ಹೋದ ವಾರ ಒಂದು ನಕ್ಷತ್ರ ಕೊಟ್ಟವರಲ್ಲಿ ಎಷ್ಟೋ ಮಂದಿ ನಾಚಿಕೊಂಡು ಬಂದು ಅದನ್ನು ಅಳಿಸಿ ಹೋದರು. ಒಬ್ಬನಂತೂ ಅಂಗಡಿಗೇ ಬಂದು ತಲೆ ಕೆರೆದುಕೊಳ್ಳುತ್ತ ಕೋಟಿಗೆ ಅಳತೆ ಕೊಟ್ಟ. ಅತ್ತೆ ಅವನ ಕುತ್ತಿಗೆಗೆ ಟೇಪು ಸುತ್ತಿ, "ನನಗೆ ಅಳತೆ ಗೊತ್ತಿಲ್ಲ ಅಂದವನು ನೀನೇ ಏನಪ್ಪಾ?" ಎಂದರು.

ಶುಕ್ರವಾರ ಆಟದ ಕಂಪನಿಯ ಪತ್ರ ಬಂತು. ವಿಷಾದಿಸುತ್ತೇವೆ, ಹೊಸ ಆವೃತ್ತಿಯಲ್ಲಿ ದೋಷವನ್ನು ಸರಿಪಡಿಸಲಾಗಿದೆ ಎಂದಿತ್ತು. ಸೊಸೆ ಆಟ ತೆರೆದು ನೋಡಿದರೆ, ಕೋಟು ಅದೇ ಇದೆ, ಕೊನೆಯ ಕಾಜ ಮಾತ್ರ ನೆಟ್ಟಗಾಗಿದೆ!

"ಎಂಥ ಮೋಸ ನೋಡಿ ಅತ್ತೆ! ಇವರನ್ನ ಬಿಡಬಾರದು!"

ಅತ್ತೆ ನೋಡಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನೆಟ್ಟಗೆ ಮಾಡ್ಕೊಂಡ್ರಾ? ಮಾಡ್ಕೊಳ್ಳಲಿ ಬಿಡು. ಅವರ ಮನೇಲಿ ಯಾರಿಗೂ ಕೈ ನೋವಿಲ್ಲ ಅನ್ಸುತ್ತೆ. ನನ್ನದು ನನ್ನ ಹತ್ರಾನೇ ವಾಪಸ್ ಬಂತು."

ಆ ಸಂಜೆ ಸೊಸೆ ಕೊಟ್ಟ ಮಾತಿನಂತೆ ಮೈಕನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದಳು. ಗಂಡ ಬಾಗಿಲಲ್ಲಿ ನಿಂತು, "ಬೇಜಾರಾ?" ಎಂದ. "ಇಲ್ಲ ರೀ," ಎಂದಳು. ಆ ಸುಳ್ಳನ್ನು ಅವನೂ ನಂಬಲಿಲ್ಲ, ಅವಳೂ ನಂಬಲಿಲ್ಲ.

ಮಾರನೆಯ ದಿನ ಬೆಳಗ್ಗೆ ಕೆಳಗಿನಿಂದ ಕರೆ ಬಂತು. "ಏ ಬಾಯಿಬಡುಕಿ, ಬಾ ಇಲ್ಲಿ!" ಮೂರು ವರ್ಷದಲ್ಲಿ ಅತ್ತೆ ಆ ಹೆಸರನ್ನು ಅವಳ ಎದುರಿಗೇ ಹೇಳಿದ್ದು ಅದೇ ಮೊದಲು. ಮೇಜಿನ ಮೇಲೆ ಹೊಸ ಬೂದು ಕೋಟೊಂದಿತ್ತು. "ಅಳತೆ ತಗೊಳ್ಳದೇ ಹೊಲಿದಿದ್ದೀನಿ, ಹಾಕ್ಕೊಂಡು ನೋಡು. ನಾಳೆ ಭಾನುವಾರ ಅಲ್ವಾ? ಹೋದ ಸಲ ಆ ಮಾಸಿದ ಅಂಗಿ ಹಾಕ್ಕೊಂಡು ಅಷ್ಟು ಜನರ ಮುಂದೆ ಕೂತಿದ್ದೆ. ದರ್ಜಿ ಮನೆ ಸೊಸೆ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗಲ್ವಾ?"

ಸೊಸೆ ಕೋಟು ತೊಟ್ಟಳು. ಪಟ್ಟಿ ಸುತ್ತಿದ ಹೆಬ್ಬೆರಳಿನಿಂದ ಮೊದಲ ಗುಂಡಿ ಹಿಡಿದಳು. ತಿಂಗಳಿಂದ ಪ್ರತಿ ಗುಂಡಿಗೂ ಹಲ್ಲು ಕಚ್ಚುತ್ತಿದ್ದವಳಿಗೆ ಈ ಗುಂಡಿ ನೋವೇ ಇಲ್ಲದೆ ಜಾರಿ ಕೂತಿತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ... ತಲೆ ಬಗ್ಗಿಸಿ ನೋಡಿದಳು. ಕೊನೆಯದೊಂದೇ ಅಲ್ಲ, ಮೇಲಿನಿಂದ ಕೆಳಗಿನವರೆಗೆ ಐದು ಕಾಜವೂ ಓರೆ!

ಅತ್ತೆ ಆಗಲೇ ಬೆನ್ನು ತಿರುಗಿಸಿ ಯಂತ್ರದ ಮುಂದೆ ಕೂತಿದ್ದರು. "ಹೆಬ್ಬೆರಳು ಹೆಂಗಿದೆ?" ಎಂದು ಬಟ್ಟೆಯಿಂದ ಕಣ್ಣೆತ್ತದೆ ಕೇಳಿದರು.

ಕತ್ತರಿ ಹಿಡಿದೇ ಕೂದಲು ನರೆತಿದ್ದ ಮಾವನಿಗೆ ತನ್ನ ಕೋಟಿನ ಕಾಜ ಓರೆಯಾದದ್ದು ತಿಳಿಯದೆ ಇದ್ದೀತೇ? ಕನ್ನಡಿಯ ಮುಂದೆ ನಿಂತು ಅವರು ಆ ಮಾತನ್ನು ಯಾಕೆ ಅಂದರೆಂದು ಸೊಸೆಗೆ ಈಗ ಅರ್ಥವಾಯಿತು.

"ವಾಸಿ ಆಗ್ತಾ ಇದೆ ಅತ್ತೆ."

ಯಂತ್ರ ಒಂದು ಕ್ಷಣ ನಿಂತಿತು. ಆಮೇಲೆ ಮತ್ತೆ ಟಕಟಕ ಓಡತೊಡಗಿತು.