ಸೊರಬ ಬಸ್ಸಿನ ಡಬ್ಬಿ

ಚೀಟಿಯಲ್ಲಿ ನಾನೂರ ಮೂವತ್ತಮೂರು ಎಂದು ಬರೆದಿತ್ತು.

ನಾನು ಬ್ಲೌಸ್ ಪೀಸುಗಳನ್ನು ಕೌಂಟರಿನ ಮೇಲೆ ಹಾಗೇ ಬಿಟ್ಟು ಆ ಅಂಕಿಯನ್ನೇ ನೋಡುತ್ತಾ ನಿಂತೆ. ಎದುರಿಗೆ ಉಡುತಡಿಯಿಂದ ಬಂದ ಹೆಂಗಸೊಬ್ಬರು ಈರುಳ್ಳಿ ಸಿಪ್ಪೆ ಬಣ್ಣದ ಸೀರೆ ಹಿಡಿದುಕೊಂಡು, "ಇದಕ್ಕ ಹೊಂದೋದು ಐತೇನವ್ವಾ?" ಎಂದು ಎರಡನೇ ಸಲ ಕೇಳುತ್ತಿದ್ದರು. ಅವರಿಗೆ ಹೇಗೋ ಒಂದನ್ನು ಕತ್ತರಿಸಿ ಕೊಟ್ಟು ಕಳಿಸಿ, ಮತ್ತೆ ಚೀಟಿ ಕೈಗೆತ್ತಿಕೊಂಡೆ.

ನಮ್ಮದು ಹನಿ ಲೆಕ್ಕದಲ್ಲಿ ನೀರು ಪರೀಕ್ಷಿಸುವ ಕಿಟ್. ಗಾಜಿನ ಕೊಳವೆಗೆ ಹವಳದ ಟ್ಯಾಂಕಿನ ನೀರು ಹಾಕಿ, ಬಾಟಲಿಯಿಂದ ಔಷಧಿಯನ್ನು ಒಂದೊಂದೇ ಹನಿ ಬಿಡಬೇಕು. ಗುಲಾಬಿ ಬಣ್ಣದ ನೀರು ನೀಲಿಗೆ ತಿರುಗಿದಾಗ ನಿಲ್ಲಿಸಿ, ಹನಿಗಳನ್ನು ಇಪ್ಪತ್ತರಿಂದ ಗುಣಿಸಿದರೆ ಕ್ಯಾಲ್ಸಿಯಂ ಎಷ್ಟಿದೆ ಎಂದು ಗೊತ್ತಾಗುತ್ತದೆ. ಇಪ್ಪತ್ತೊಂದು ಹನಿಗೆ ನಾನೂರ ಇಪ್ಪತ್ತು, ಇಪ್ಪತ್ತೆರಡಕ್ಕೆ ನಾನೂರ ನಲವತ್ತು. ನಡುವೆ ಮೂವತ್ತಮೂರು ಬರಲು ಜಾಗವೇ ಇಲ್ಲ.

ಅಂದರೆ ಚೀಟಿ ಬರೆದ ಲೋಕೇಶನ ಮನೆಯಲ್ಲಿ ಅಳೆಯಲು ಬೇರೆ ಮೀಟರ್ ಇದೆ. ಅದನ್ನು ನನ್ನಿಂದ ಮುಚ್ಚಿಟ್ಟಿದ್ದಾನೆ.

ನಾನು ಕರುಣಾ. ಶಿಕಾರಿಪುರ ಬಸ್ ಸ್ಟ್ಯಾಂಡ್ ಹತ್ತಿರದ ಮ್ಯಾಚಿಂಗ್ ಸೆಂಟರ್ ನನ್ನದೇ. ಅಂಗಡಿಯ ಹಿಂದಿನ ಕೋಣೆಯಲ್ಲಿ ನಾಲ್ಕಡಿ ಉದ್ದದ ಗಾಜಿನ ಟ್ಯಾಂಕ್ ಇದೆ. ಅದರೊಳಗೆ ಉಪ್ಪುನೀರು, ಜೀವಂತ ಹವಳಗಳು, ಎರಡು ಕಿತ್ತಳೆ ಮೀನು. ಮಂಗಳೂರಿಗೆ ಮದುವೆಗೆ ಹೋದಾಗ ಹೋಟೆಲಿನಲ್ಲಿ ಇಂಥದ್ದೊಂದನ್ನು ನೋಡಿ ಊಟಕ್ಕೆ ಹೋಗುವುದನ್ನೇ ಮರೆತಿದ್ದೆ. "ಸಮುದ್ರ ನೋಡ್ಬೇಕಂದ್ರ ಬಸ್ ಹತ್ತು, ಮನೀಗ್ಯಾಕ ತರ್ತಿ?" ಎಂದು ಅಪ್ಪ ಗುರುಮಲ್ಲಪ್ಪ ಬೈದಿದ್ದರು. ಈಗ ದಿನಾ ಸಂಜೆ ಅದರ ಮುಂದೆ ಕುರ್ಚಿ ಎಳೆದುಕೊಂಡು ಕೂರುವವರು ಅವರೇ.

ಹವಳ ಬೆಳೆಯಲು ಕ್ಯಾಲ್ಸಿಯಂ ಬೇಕು. ಹಾಗಾಗಿ ವಾರಕ್ಕೊಮ್ಮೆ ನೀರು ಪರೀಕ್ಷೆ ಮಾಡಲೇಬೇಕು. ಆದರೆ ಕಿಟ್ಟಿನ ಬಾಟಲಿ ಒಮ್ಮೆ ತೆರೆದರೆ ಕೆಲವೇ ತಿಂಗಳಲ್ಲಿ ಕೆಡುತ್ತದೆ. ಒಂದು ಮನೆಯಲ್ಲಿ ಅಷ್ಟರೊಳಗೆ ಮುಗಿಯುವುದಿಲ್ಲ. ಹವಳ ಸಾಕುವವರ ವಾಟ್ಸಾಪ್ ಗ್ರೂಪಿನಲ್ಲಿ ಹೀಗೆಂದು ಗೊಣಗಿದಾಗ, "ನಾನು ಸೊರಬದವನು, ಹಂಚಿಕೊಳ್ಳೋಣವಾ?" ಎಂದು ಕೇಳಿದವನೇ ಲೋಕೇಶ. ಮುಂದಿನ ಭಾನುವಾರ ಅಂಗಡಿಗೇ ಬಂದ.

ಎಂಟು ಹೆಂಗಸರ ನಡುವೆ ಸ್ಟೀಲ್ ಡಬ್ಬಿ ಹಿಡಿದುಕೊಂಡು ನಿಂತಿದ್ದ.

"ಸೀರೆ ಎಲ್ರೀ?" ಅಂದೆ.

"ಸೀರೆ ಇಲ್ಲ. ಕ್ಯಾಲ್ಸಿಯಂ ತಂದಿದ್ದೀನಿ."

ಎಂಟೂ ಜನ ತಿರುಗಿ ನೋಡಿದರು. ಅವನ ಕಿವಿ ರಾಣಿ ಪಿಂಕ್ ಆಯಿತು. ಬಣ್ಣದ ವಿಷಯದಲ್ಲಿ ನನ್ನ ಕಣ್ಣು ತಪ್ಪುವುದಿಲ್ಲ.

ಅಂದಿನಿಂದ ಆ ಡಬ್ಬಿ ಬಸ್ಸಿನಲ್ಲಿ ಓಡಾಡುತ್ತಿದೆ. ಕಂಡಕ್ಟರ್ ಹರೀಶಣ್ಣ ಗುರುವಾರ ನನಗೆ ತಂದುಕೊಡುತ್ತಾರೆ, ಭಾನುವಾರ ಸೊರಬಕ್ಕೆ ಒಯ್ಯುತ್ತಾರೆ. ಒಳಗೆ ಬಾಟಲಿಗಳ ಜೊತೆ ಒಂದು ಚೀಟಿ. ಫೋನಿನಲ್ಲಿ ಹೇಳಿದರೆ ಮುಗಿಯುವ ಮಾತು, ಆದರೂ ಚೀಟಿ. ಮೊದಲು ಬರೀ ಅಂಕಿಗಳಿದ್ದವು. ಲೋಕೇಶ ತಾಲ್ಲೂಕು ಕಚೇರಿಯ ಸರ್ವೆಯರ್, ಅಂಕಿ ಬಿಟ್ಟು ಬೇರೇನು ಬರೆದಾನು ಎಂದುಕೊಂಡಿದ್ದೆ. ಒಂದು ವಾರ ಅಂಕಿಯ ಕೆಳಗೆ ಎರಡು ಸಾಲು ಬಂತು.

"ಚಂದ್ರಗುತ್ತಿಗೆ ಅಳತೆಗೆ ಹೋಗಿದ್ದೆ. ಬೆಟ್ಟದ ಮೇಲಿನ ಮೋಡ ನಿಮ್ಮ ಶೆಲ್ಫಿನ ಬೂದು ಬಣ್ಣದ್ದು."

"ಯಾವ ಬೂದು? ನಮ್ಮಲ್ಲಿ ಹನ್ನೊಂದು ಬೂದು ಐತೆ," ಎಂದು ಬರೆದು ಕಳಿಸಿದೆ.

"ಮೇಲಿನ ಸಾಲು, ಎಡದಿಂದ ನಾಲ್ಕನೆಯದು."

ಒಂದೇ ಸಲ ಬಂದವನು, ಅದೂ ತಲೆ ತಗ್ಗಿಸಿ ನಿಂತವನು, ಅದನ್ನು ಯಾವಾಗ ನೋಡಿದ? ಆ ರಾತ್ರಿ ನನಗೆ ನಿದ್ದೆ ಬೇಗ ಬರಲಿಲ್ಲ.

ಆಮೇಲೆ ಗುರುವಾರದ ಸಂಜೆಗಳಿಗೇ ಒಂದು ಬಣ್ಣ ಬಂತು. ಶಟರ್ ಅರ್ಧ ಎಳೆದು, ಟ್ಯಾಂಕಿನ ನೀಲಿ ದೀಪ ಹಾಕಿ, ಹನಿ ಎಣಿಸುತ್ತಾ ಕೂರುತ್ತಿದ್ದೆ. ಹದಿನೆಂಟು, ಹತ್ತೊಂಬತ್ತು... ಗುಲಾಬಿ ಒಂದು ಕ್ಷಣ ನಡುಗಿ ನೇರಳೆಯಾಗುತ್ತದೆ. ನಾಲ್ಕು ದಿನದ ಹಿಂದೆ ಇದೇ ಕೊಳವೆಯನ್ನು ಅವನ ಬೆರಳು ಹಿಡಿದಿತ್ತಲ್ಲ ಎಂದು ನೆನೆದರೆ ಲೆಕ್ಕ ತಪ್ಪುತ್ತಿತ್ತು. ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ.

ನಾನು ಅವನನ್ನು ಪ್ರೀತಿಸತೊಡಗಿದ್ದೆ. ಯಾರಿಗೂ ಹೇಳಿರಲಿಲ್ಲ.

ಕಿಟ್ಟಿನ ಔಷಧಿ ಈ ತಿಂಗಳಿಗೆ ಮುಗಿಯುತ್ತಿತ್ತು. ಹಿಂದಿನ ವಾರ ಅವನು ಸ್ಕೇಲ್ ಇಟ್ಟು ಗೆರೆ ಎಳೆದು ಒಂದು ಪಟ್ಟಿಯನ್ನೇ ಕಳಿಸಿದ್ದ: ಹನಿ ಕಿಟ್ಟಿನಿಂದ ಏನು ಲಾಭ, ಡಿಜಿಟಲ್ ಮೀಟರಿನಿಂದ ಏನು ಲಾಭ. ನೀರಿಗೆ ಅದ್ದಿ ನೋಡುವ ಪರೀಕ್ಷಾ ಕಾಗದದ ಮುಂದೆ "ಅಂದಾಜು ಕೂಡ ಹೇಳಲ್ಲ, ಬೇಡ" ಎಂದು ಬರೆದು ಹೊಡೆದುಹಾಕಿದ್ದ. ಕೊನೆಯಲ್ಲಿ, "ಯಾವುದು ತಗೊಳ್ಳೋಣ? ಯೋಚಿಸಿ ಹೇಳಿ." ನಾನು ಉತ್ತರ ಕೊಡಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಎಂದಾದರೆ ಡಬ್ಬಿ ನಿಲ್ಲುತ್ತದೆ. ಡಬ್ಬಿ ನಿಂತರೆ ಚೀಟಿ ನಿಲ್ಲುತ್ತದೆ. ನನ್ನ ಭಯವೆಲ್ಲಾ ಅದೇ.

ಈಗ ನೋಡಿದರೆ ಅವನು ಆಗಲೇ ಮೀಟರ್ ತಂದುಕೊಂಡಿದ್ದಾನೆ. ಬೇಡ ಎನ್ನಲು ಸಂಕೋಚಪಟ್ಟು ಡಬ್ಬಿ ತರಿಸಿಕೊಳ್ಳುತ್ತಿದ್ದಾನೆ. ಪಾಪ, ಹುಡುಗಿಗೆ ಬೇಜಾರಾದೀತು ಅಂತ! ಚೀಟಿಯನ್ನು ಮಡಿಸಿ ಪರ್ಸಿಗೆ ತುರುಕಿದೆ.

ಭಾನುವಾರ ಡಬ್ಬಿಯನ್ನು ಹರೀಶಣ್ಣನ ಕೈಗೆ ಕೊಡಲಿಲ್ಲ. ನಾನೇ ಬಸ್ ಹತ್ತಿದೆ.

"ಏನ್ರೀ, ಇವತ್ತು ನೀವೇ ಹೊಂಟ್ರಿ?"

"ಡಬ್ಬಿ ಕೊಟ್ಟು ಮುಗಿಸಿ ಬರ್ತೀನಿ ಹರೀಶಣ್ಣ."

ಅವರು ನನ್ನ ಮುಖ ನೋಡಿ, ಟಿಕೆಟ್ ಹರಿದರು. ಶಿರಾಳಕೊಪ್ಪ ದಾಟಿದ ಮೇಲೆ ಬಂದು, ಲೋಕೇಶನ ಮನೆಗೆ ಎಲ್ಲಿ ಇಳಿಯಬೇಕು ಎಂದು ನಾನು ಕೇಳದೆಯೇ ಹೇಳಿದರು.

ಬಾಗಿಲು ತೆರೆದದ್ದು ಅವನ ತಾಯಿ ಮಾಳಮ್ಮ. ನನ್ನನ್ನು ನೋಡಿ, ಕೈಯಲ್ಲಿದ್ದುದನ್ನು ನೋಡಿ, ಮುಖವರಳಿಸಿದರು.

"ಓ, ಡಬ್ಬಿಯವ್ರಾ! ಬನ್ನಿ ಬನ್ನಿ, ಒಳಗೆ ಬನ್ನಿ."

ಒಳಗೆ ಕಿಟಕಿಗೆ ಪರದೆ ಎಳೆದಿದ್ದರು. ಮಧ್ಯಾಹ್ನದಲ್ಲೂ ಇಡೀ ಕೋಣೆ ತಿಳಿ ನೀಲಿಯಾಗಿತ್ತು. ಮೂರಡಿಯ ಟ್ಯಾಂಕಿನಲ್ಲಿ ಹವಳದ ಸಣ್ಣ ಸಣ್ಣ ಬೆರಳುಗಳು ಕಾಣದ ಅಲೆಗೆ ತೂಗುತ್ತಿದ್ದವು. ಗೋಡೆಯ ಮೇಲೆ, ನನ್ನ ಕೈಯ ಮೇಲೆ ನೀರಿನ ಬೆಳಕು ಮೆಲ್ಲಗೆ ಅಲುಗುತ್ತಿತ್ತು. ಜಗಳವಾಡಲು ಬಂದವಳು ನಾನು, ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ ಗೊತ್ತಿಲ್ಲ.

"ಕರುಣಾ ಅವರೇ?"

ಲೋಕೇಶ ಬಾಗಿಲಲ್ಲಿದ್ದ. ಆ ನೀಲಿಯಲ್ಲಿ ಅವನ ಬಿಳಿ ಅಂಗಿ ಕೂಡ ನೀಲಿಯಾಗಿತ್ತು. ಚೀಟಿಯನ್ನು ಅವನ ಮುಂದೆ ಹಿಡಿದೆ.

"ಈ ಅಂಕಿ ಎಲ್ಲಿಂದ ಬಂತ್ರೀ?"

ನೋಡಿದ. ಕಣ್ಣು ಮುಚ್ಚಿಕೊಂಡ. "ಅಯ್ಯೋ."

"ಮೀಟರ್ ತಗೊಂಡೀರಿ."

"ಎರಡು ತಿಂಗಳಾಯ್ತು." ಬೀರುವಿನ ಮೇಲಿಂದ ಟವೆಲ್ಲಿನಲ್ಲಿ ಸುತ್ತಿದ್ದ ಮೀಟರನ್ನು ಕೆಳಗಿಳಿಸಿದ. "ಇಷ್ಟು ದಿನ ಇಪ್ಪತ್ತರ ಲೆಕ್ಕಕ್ಕೆ ರೌಂಡ್ ಮಾಡಿ ಬರೀತಿದ್ದೆ. ಕಚೇರಿಲಿ ಅರ್ಧ ಗುಂಟೆ ಹೆಚ್ಚುಕಡಿಮೆ ಬರೆದವನಲ್ಲ. ಈ ಸಲ ಕೈ ಕೇಳ್ಲಿಲ್ಲ."

"ಬ್ಯಾಡ ಅನ್ನಾಕ ಸಂಕೋಚ ಆತೇನು? ಹೇಳಿದ್ರ ನಂಗೇನು ಬೇಜಾರಾಗ್ತಿದ್ದಿಲ್ಲ." ಸುಳ್ಳು ಹೇಳಿದೆ. ಡಬ್ಬಿಯನ್ನು ಮೇಜಿನ ಮೇಲಿಟ್ಟೆ. "ತಗೋರಿ. ಇನ್ನು ಕಳಿಸೋದು ಬ್ಯಾಡ."

"ನನಗೆ ಡಬ್ಬಿ ಬೇಕಿರಲಿಲ್ಲ."

"ನಾನೂ ಅದನ್ನೇ ಹೇಳ್ತಿರೋದು."

"ಚೀಟಿ ಬೇಕಿತ್ತು," ಅಂದ. ಅವನ ದನಿ ಸಣ್ಣದಾಗಿತ್ತು. "ಮೀಟರ್ ಇದೆ ಅಂದ್ರೆ ನೀವು ಡಬ್ಬಿ ಕಳಿಸಲ್ಲ. ಮತ್ತೆ ನಾನು ಭಾನುವಾರ ಎಂತಕ್ಕೆ ಬಸ್ ಸ್ಟ್ಯಾಂಡಿಗೆ ಹೋಗೋದು?"

ಶಿಕಾರಿಪುರದಿಂದ ಜೋಪಾನವಾಗಿ ತಂದಿದ್ದ ಸಿಟ್ಟು ಎಲ್ಲಿ ಹೋಯಿತೋ.

"ಮತ್ತ ಮೀಟರ್ ಯಾಕ ತಗೊಂಡ್ರಿ?"

"ಬಣ್ಣ ಯಾವಾಗ ನೀಲಿ ಆಯ್ತು ಅಂತ ನನಗೆ ಗೊತ್ತಾಗೋದೇ ಇಲ್ಲ. ನಡುವೆ ಒಂದು ನೇರಳೆ ಬರುತ್ತಲ್ಲ, ಅದನ್ನೇ ನೋಡ್ತಾ ಕೂತುಬಿಡ್ತೀನಿ. ಹವಳ ಹಾಳಾದೀತು ಅಂತ ಹೆದರಿಕೆ ಆಯ್ತು."

ನಗು ತಡೆದುಕೊಂಡೆ. "ತೋರಿಸ್ರಿ ನಿಮ್ಮ ಮೀಟರ್."

ಪುಟ್ಟ ಗಾಜಿನ ಶೀಶೆಗೆ ನೀರು ತುಂಬಿ, ಔಷಧಿ ಹಾಕಿ, ಮೀಟರಿನೊಳಗಿಟ್ಟು ಗುಂಡಿ ಒತ್ತಿದ. ನಾನೂರ ಮೂವತ್ತೆರಡು.

"ನೋಡಿ! ಬರೀ ಒಂದು ವ್ಯತ್ಯಾಸ." ಅವನಿಗೆ ಹೆಮ್ಮೆ.

ಶೀಶೆಯನ್ನು ತೆಗೆದು ಬೆಳಕಿಗೆ ಹಿಡಿದೆ. ಗಾಜಿನ ಮೇಲೆ ಅವನ ಬೆರಳಿನ ಗೆರೆಗಳೆಲ್ಲಾ ಸ್ಪಷ್ಟವಾಗಿದ್ದವು.

"ಏನ್ರೀ ಇದು, ಹೆಬ್ಬೆಟ್ಟು ಒತ್ತೀರಿ!"

ದುಪಟ್ಟಾದ ಅಂಚಿನಿಂದ ಒರೆಸಿದೆ. ಶೀಶೆ ಜಾರೀತೆಂದು ಅವನು ಮುಚ್ಚಳ ಹಿಡಿದ. ಅವನ ಬೆರಳಿನ ಮೇಲೆ ನನ್ನ ಬೆರಳು ಬಂತು. ಒರೆಸುವುದು ಮುಗಿದರೂ ಇಬ್ಬರೂ ಕೈ ತೆಗೆಯಲಿಲ್ಲ. ಟ್ಯಾಂಕಿನ ಪಂಪು ಮಾತ್ರ ಮೆಲ್ಲಗೆ ಗುಂಯ್‌ಗುಡುತ್ತಿತ್ತು.

ಮತ್ತೆ ಗುಂಡಿ ಒತ್ತಿದೆವು. ನಾನೂರ ಇಪ್ಪತ್ತೊಂದು.

"ಸರ್ವೆಯರ್ ಸಾಹೇಬ್ರ ಬೆರಳಿನ ಕಲೆಗೇ ಹನ್ನೊಂದು ಹೆಚ್ಚು," ಅಂದೆ. "ನನ್ನ ಹನಿ ಇದಕ್ಕ ನಾನೂರ ಇಪ್ಪತ್ತು ಅಂತಿತ್ತು."

ಅವನು ಜೋರಾಗಿ ನಕ್ಕ. ಆ ನಗುವನ್ನು ನಾನು ಇದೇ ಮೊದಲು ಕೇಳಿದ್ದು. ನಗುತ್ತಲೇ ಆರ್ಡರ್ ಮಾಡಲು ಫೋನ್ ತೆಗೆದ.

"ಹಾಗಾದ್ರೆ ಎಂತ ತರಿಸ್ಲಿ?"

"ಮೀಟರ್ ಇರ್ಲಿ. ಹನಿ ಕಿಟ್ಟೂ ತರಿಸ್ರಿ. ಮೀಟರ್ ತಪ್ಪು ಹೇಳಿದ್ರ ಹಿಡಿಯಾಕ ಒಬ್ರು ಬೇಕಲ್ಲ."

"ಎಷ್ಟು ಸೆಟ್?"

"ಒಂದೇ."

ಅವನ ಬೆರಳು ನಿಂತಿತು. "ಯಾವ ಅಡ್ರೆಸ್ಸಿಗೆ?"

ಅಷ್ಟರಲ್ಲಿ ಚಹಾ ಹಿಡಿದು ಬಂದ ಮಾಳಮ್ಮ, "ಶಿಕಾರಿಪುರಕ್ಕೇ ಹಾಕೋ," ಅಂದರು. "ಹೆಂಗೂ ಇವ್ನು ಅಲ್ಲಿಗೇ ಟ್ರಾನ್ಸ್‌ಫರಿಗೆ ಅರ್ಜಿ ಕೊಟ್ಟಾಗಿದೆ."

"ಅಮ್ಮಾ!"

"ಇವ್ರಿಗೆ ಹೇಳೇ ಇಲ್ವಾ? ಆ ಮಿಷಿನ್ ತಂದ ವಾರಾನೇ ಕೊಟ್ಟಿದ್ದಲ್ವಾ." ನನ್ನ ಕಡೆ ತಿರುಗಿ, "ಮನೆ ನೋಡೋವಾಗ ಮೆಟ್ಟಿಲು ಕಮ್ಮಿ ಇರೋದು ನೋಡಿ ಆಯ್ತಾ. ನಂಗೆ ಮಂಡಿನೋವು," ಎಂದು ಹೇಳಿ ಒಳಗೆ ಹೋದರು.

ಲೋಕೇಶ ಫೋನ್ ಕೆಳಗಿಟ್ಟ. ತಲೆ ತಗ್ಗಿಸಲಿಲ್ಲ, ನೇರವಾಗಿ ನನ್ನನ್ನೇ ನೋಡಿದ.

"ನಿಮಗೆ ಇಷ್ಟ ಇಲ್ಲ ಅಂದ್ರೆ ನಾಳೆನೇ ಅರ್ಜಿ ವಾಪಸ್ ತಗೋತೀನಿ. ನನಗೆ ನೀವು ಅಂದ್ರೆ ಇಷ್ಟ, ಕರುಣಾ. ಇದ್ರಲ್ಲಿ ರೌಂಡ್ ಮಾಡಿದ್ದು ಏನೂ ಇಲ್ಲ."

ಕಣ್ಣು ತುಂಬಿ ಬಂದು ಕೋಣೆಯ ನೀಲಿಯೆಲ್ಲಾ ಕಲಸಿಹೋಯಿತು.

"ವಾಪಸ್ ತಗೋಬ್ಯಾಡ್ರಿ," ಅಂದೆ. "ನಂಗೂ ನೀವು ಬೇಕ್ರೀ. ಅಪ್ಪನ ಹತ್ರ ನಾನೇ ಮಾತಾಡ್ತೀನಿ."

ಸಂಜೆಯ ಬಸ್ಸಿಗೆ ಹೊರಟಾಗ ಮಾಳಮ್ಮ ಮೇಜಿನ ಮೇಲಿದ್ದುದನ್ನು ಎತ್ತಿಕೊಂಡು ಗೇಟಿನವರೆಗೂ ಬಂದರು.

"ಡಬ್ಬಿ ಬಿಟ್ಟು ಹೊರಟ್ರಲ್ಲ!"

"ಇಲ್ಲೇ ಇರ್ಲಿ ಅಮ್ಮಾ," ಅಂದೆ. "ಬರೋವಾಗ ಅವ್ರೇ ತರ್ತಾರ."