ಎದುರಂಗಡಿಯ ಮೊಟ್ಟೆ

"ಆ ಮೊಟ್ಟೆ ಕೊಳೆತಿವೆ ಕಣ್ರೋ. ನಾನೇ ಮೂಸಿ ನೋಡಿದೀನಿ," ಅಂದಳು ಮುತೇಸಿ.

ಐದನೇ ಕ್ಲಾಸಿನ ಆರೇಳು ಮಕ್ಕಳು ಸ್ಕೂಲ್ ಗೇಟಿನ ಹತ್ತಿರವೇ ನಿಂತುಬಿಟ್ಟರು. ರಸ್ತೆಯ ಆಚೆ ಅಚೋಲಾಳ ಅಮ್ಮ ಇದ್ದಿಲ ಒಲೆಯ ಮೇಲೆ ಚಪಾತಿ ಬೇಯಿಸುತ್ತಿದ್ದರು. ಮಕ್ಕಳು ಅತ್ತ ನೋಡಿ ಮುಖ ಸಿಂಡರಿಸಿಕೊಂಡು ಒಳಗೆ ಹೋದರು.

ಜಿಂಜಾ ಊರಿನ ಆ ಸ್ಕೂಲಿನ ಮುಂದೆ ಮೂರು ವರ್ಷದಿಂದ ಮುತೇಸಿಯ ಅಮ್ಮನದೊಂದೇ ಅಂಗಡಿ ಇತ್ತು. ಮೊಟ್ಟೆಗೆ ಎಲೆಕೋಸು, ಟೊಮೆಟೊ ಹಾಕಿ ಬೇಯಿಸಿ, ಚಪಾತಿಯಲ್ಲಿ ಸುತ್ತಿ ಕೊಡುತ್ತಿದ್ದರು. ಎಲ್ಲರೂ ಅದನ್ನು ರೋಲೆಕ್ಸ್ ಅನ್ನುತ್ತಿದ್ದರು. ಹೋದ ತಿಂಗಳು ಅಚೋಲಾಳ ಅಮ್ಮ ಎದುರಿಗೇ ಒಲೆ ಹೂಡಿದರು. ಅವರದೂ ರೋಲೆಕ್ಸೇ.

ಅಚೋಲಾ ಅಂದರೆ ಮುತೇಸಿಯ ಪಕ್ಕದಲ್ಲೇ ಕೂರುವ ಗೆಳತಿ. ಅದಕ್ಕೇ ಸಿಟ್ಟು ಇನ್ನಷ್ಟು ಹೆಚ್ಚಿತ್ತು. ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಓಡಾಡುವ ಬೈಕಿನವರೂ ಈಗ ಆ ಕಡೆ ನಿಲ್ಲಿಸುತ್ತಿದ್ದರು. ಅಮ್ಮ ನೋಡಿಯೂ ಸುಮ್ಮನಿದ್ದರು. ತಾನೇ ಏನಾದರೂ ಮಾಡಬೇಕು ಅನ್ನಿಸಿತ್ತು ಮುತೇಸಿಗೆ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಅಚೋಲಾಳ ಕಿವಿಗೂ ಬಿತ್ತು. ಯಾರು ಹೇಳಿದ್ದು ಅಂತಲೂ ಗೊತ್ತಾಯಿತು. ಅವಳು ಜಗಳ ಆಡಲಿಲ್ಲ. ಪುಸ್ತಕ ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋದಳು.

ಸ್ಕೂಲು ಬಿಟ್ಟಾಗ ಅಮ್ಮನ ಅಂಗಡಿ ತುಂಬಿರುತ್ತೆ ಅಂದುಕೊಂಡು ಮುತೇಸಿ ಓಡಿ ಬಂದಳು. ಅಲ್ಲಿ ಒಬ್ಬ ಗಿರಾಕಿಯೂ ಇರಲಿಲ್ಲ. ಅಮ್ಮ, ಅಚೋಲಾಳ ಅಮ್ಮ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದರು. ನಡುವೆ ಮೊಟ್ಟೆಯ ಟ್ರೇ, ಹೆಚ್ಚೂಕಮ್ಮಿ ತುಂಬಿಯೇ ಇತ್ತು.

ಗೇಟಿನ ಹತ್ತಿರದ ಮೊಟ್ಟೆ ಕೊಳೆತಿದೆ ಅಂತ ಯಾರೋ ಹಬ್ಬಿಸಿದಾರೆ, ಎರಡೂ ಅಂಗಡಿಗೆ ಒಂದು ಮಗುವೂ ಬರಲಿಲ್ಲ ಅಂತ ಅಮ್ಮ ಹೇಳಿದರು.

"ಅದು ಅವರ ಮೊಟ್ಟೆ ತಾನೇ?" ಮುತೇಸಿಯ ಬಾಯಿಂದ ಬಂದೇಬಿಟ್ಟಿತು.

"ಅವರದು, ನಮ್ಮದು ಅಂತ ಬೇರೆ ಎಲ್ಲಿದೆ? ಇಬ್ರೂ ಒಟ್ಟಿಗೆ ಕೊಂಡು ಹಂಚ್ಕೋತೀವಿ. ಜಾಸ್ತಿ ಕೊಂಡ್ರೆ ಅಗ್ಗಕ್ಕೆ ಸಿಗುತ್ತೆ."

ಅಚೋಲಾಳ ಅಮ್ಮನನ್ನು ಇಲ್ಲಿಗೆ ಕರೆದದ್ದೂ ಅಮ್ಮನೇ ಅಂತೆ. ಒಂದೇ ಒಲೆ ಇದ್ದಾಗ ಬ್ರೇಕ್ ಮುಗಿದರೂ ಅರ್ಧ ಮಕ್ಕಳು ಸಾಲಿನಲ್ಲೇ ಇರುತ್ತಿದ್ದರು, ಹಸಿದುಕೊಂಡೇ ಕ್ಲಾಸಿಗೆ ಹೋಗುತ್ತಿದ್ದರು. ಬೈಕಿನವರು ಕಾಯಲಾರದೆ ಮುಂದಿನ ಸರ್ಕಲ್ಲಿಗೆ ಹೋಗಿಬಿಡುತ್ತಿದ್ದರು. ಈಗ ಈ ಜಾಗಕ್ಕೆ ಹೋದರೆ ಬೇಗ ಸಿಗುತ್ತೆ ಅಂತ ಹೊಸಬರೂ ಬರುತ್ತಿದ್ದರು.

ಅಷ್ಟರಲ್ಲಿ ಅಚೋಲಾ ಬಂದು ತನ್ನ ಅಮ್ಮನ ಪಕ್ಕ ನಿಂತಳು. ಅವಳು ಬಾಯಿ ಬಿಟ್ಟರೆ ಎಲ್ಲ ಗೊತ್ತಾಗುತ್ತಿತ್ತು. ಅವಳು ಏನೂ ಹೇಳಲಿಲ್ಲ. ಮುತೇಸಿಗೆ ಅದನ್ನೇ ತಡೆಯಲು ಆಗಲಿಲ್ಲ.

"ನಾನೇ ಹೇಳಿದ್ದು," ಅಂದಳು ಸಣ್ಣ ದನಿಯಲ್ಲಿ.

ಅಮ್ಮ ತಲೆ ಎತ್ತಿ ನೋಡಿದರು. ಅಚೋಲಾಳ ಅಮ್ಮ ಕೇಳಿದರು, "ನಿಜವಾಗ್ಲೂ ವಾಸನೆ ಬಂತಾ ಮಗಾ?"

"ಇಲ್ಲ ಆಂಟಿ. ನಾನು ಮೂಸೇ ಇಲ್ಲ."

"ಸದ್ಯ! ಬೆಳಗ್ಗೆಯಿಂದ ಒಂದೊಂದೇ ಮೊಟ್ಟೆ ಮೂಸ್ತಾ ಕೂತಿದೀನಿ. ನನ್ನ ಮೂಗೇ ಕೆಟ್ಟೋಯ್ತೇನೋ ಅಂತ ಭಯ ಆಗಿತ್ತು."

ಅಚೋಲಾ ಕಿಸಕ್ಕನೆ ನಕ್ಕಳು. ಮುತೇಸಿಯ ಅಮ್ಮ ಮಾತ್ರ ನಗಲಿಲ್ಲ. "ನಾಳೆ ನೀನೇ ಸರಿ ಮಾಡ್ಬೇಕು," ಅಂದರು.

ಮರುದಿನ ಬ್ರೇಕಿನ ಬೆಲ್ ಆದ ಕೂಡಲೇ ಮುತೇಸಿ ಗೇಟಿನ ಮುಂದೆ ಹೋಗಿ ನಿಂತಳು. ನಿನ್ನೆ ಹೇಳಿದ್ದು ಸುಳ್ಳು ಅಂತ ಎಲ್ಲರಿಗೂ ಹೇಳಿದಳು. ಏಳನೇ ಕ್ಲಾಸಿನ ಒಬ್ಬ ಹುಡುಗ ನಂಬಲೇ ಇಲ್ಲ. ಅವಳು ಎಲ್ಲರನ್ನೂ ಎದುರಂಗಡಿಗೆ ಕರೆದುಕೊಂಡು ಹೋಗಿ, ಒಂದು ಮೊಟ್ಟೆ ಬಟ್ಟಲಿಗೆ ಒಡೆದು ಅವನ ಮೂಗಿನ ಕೆಳಗೇ ಹಿಡಿದಳು. ಅದನ್ನೇ ಅಚೋಲಾಳ ಅಮ್ಮ ಬೇಯಿಸಿ ಚಪಾತಿಯಲ್ಲಿ ಸುತ್ತಿ ಕೊಟ್ಟರು. ಎಲ್ಲರ ಎದುರಿಗೆ ಮುತೇಸಿ ದೊಡ್ಡ ತುತ್ತು ಕಚ್ಚಿದಳು. ಬಿಸಿಗೆ ಕಣ್ಣಲ್ಲಿ ನೀರು ಬಂತು.

"ಅಷ್ಟು ಚೆನ್ನಾಗಿದೆಯಾ, ಅಳೋಷ್ಟು?" ಅಂದ ಆ ಹುಡುಗ. ಎಲ್ಲರೂ ನಕ್ಕರು. ಅವನೇ ಮೊದಲು ಸಾಲಿಗೆ ನಿಂತ.

ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು ಮುತೇಸಿಗೆ. ಅಚೋಲಾ ಹತ್ತಿರ ಬಂದು, "ನನಗೆ ಒಂದು ಚೂರು ಕೊಡೇ," ಅಂದಳು. ಮುತೇಸಿ ಅರ್ಧ ಹರಿದು ಕೊಟ್ಟಳು.

ಆ ಕಡೆ ಅಮ್ಮನ ಒಲೆಯ ಮುಂದೆಯೂ ಜನ ಸೇರಿದ್ದರು. ಬೈಕ್ ನಿಲ್ಲಿಸಿ ಬಂದವನಿಗೆ ಅಮ್ಮ ಸೌಟಿನಿಂದಲೇ ಎದುರಂಗಡಿ ತೋರಿಸಿ, "ಅಲ್ಲಿಗೆ ಹೋಗಪ್ಪ, ಬೇಗ ಸಿಗುತ್ತೆ," ಅಂದರು. ಅವನು ರಸ್ತೆ ದಾಟಿ ಬರುತ್ತಿದ್ದ. ಮುತೇಸಿ ಪಕ್ಕಕ್ಕೆ ಸರಿದು ಅವನಿಗೆ ಜಾಗ ಬಿಟ್ಟಳು.