ನಿಂಬೆಹಣ್ಣು ತಡೆಯದ ಎಂಜಿನ್

“ಬನ್ನಿ ಸರ್, ಎಂಜಿನ್ ನಿಲ್ಲಿಸಿದ ಹೀರೋ ನೀವೇ ಅಲ್ವಾ?” ಎಂದು ಮಾಲವಿಕಾ ಮಿಸ್ ಕೇಳಿದಾಗ ಸುಷ್ಮಿತಾ ಬೆಂಚಿನ ಕೆಳಗೆ ಬಗ್ಗಿ ಪೆನ್ಸಿಲ್ ಹುಡುಕತೊಡಗಿದಳು. ಪೆನ್ಸಿಲ್ ಅವಳ ಕೈಯಲ್ಲೇ ಇತ್ತು.

ಹೋದ ವಾರ ಐದನೇ ಕ್ಲಾಸಿನವರೆಲ್ಲ ಮನೆಯ ಹಿರಿಯರ ಬಗ್ಗೆ ಮಾತಾಡಬೇಕಿತ್ತು. ಸುಷ್ಮಿತಾ ಸ್ವಲ್ಪ ಜಾಸ್ತಿಯೇ ಉಪ್ಪುಖಾರ ಹಚ್ಚಿದ್ದಳು. ಮೂವತ್ತು ವರ್ಷದ ಹಿಂದೆ ಹೂಟಗಳ್ಳಿ ಕಡೆಯ ಕಾರ್ಖಾನೆಯೊಂದರಲ್ಲಿ ಗೂಡ್ಸ್ ಎಂಜಿನ್ ತಾನಾಗಿ ಓಡತೊಡಗಿದಾಗ, ತನ್ನ ತಾತ ಗುರುಸಿದ್ದಯ್ಯ ಹಾರಿ ಹತ್ತಿ, ಬ್ರೇಕ್ ಎಳೆದು ಊರನ್ನೇ ಉಳಿಸಿದರು ಎಂದಿದ್ದಳು. ಮಿಸ್‌ಗೆ ಎಷ್ಟು ಖುಷಿಯಾಯಿತೆಂದರೆ ತಾತನನ್ನೇ ಕರೆಸಿಬಿಟ್ಟರು.

ನಿಜ ಏನೆಂದು ಮನೆಯವರಿಗೆಲ್ಲ ಗೊತ್ತು. ಕ್ಲಾಸಿಗೂ ಗೊತ್ತಾದರೆ ಸುಷ್ಮಿತಾಳ ಮಾನ ಹರಾಜು.

“ನಿಲ್ಸಿದ್ದು ನಾನಲ್ಲ ಮೇಡಂ,” ಎಂದರು ತಾತ. “ಹೊರಡ್ಸಿದ್ದು ನಾನು.”

ಕ್ಲಾಸು ಗೊಳ್ಳೆಂದಿತು.

“ಆಯುಧ ಪೂಜೆ ದಿನ. ಎಂಜಿನ್‌ಗೆ ಸೇವಂತಿಗೆ ಹಾರ, ಬಾಳೆಕಂದು ಎಲ್ಲಾ ಆಯ್ತು. ಚಕ್ರಕ್ಕೆ ನಿಂಬೆಹಣ್ಣು ಇಡ್ಬೇಕಲ್ಲ? ಬ್ರೇಕ್ ಕೆಟ್ಟಿತ್ತು, ಎಂಜಿನ್ ಉರುಳ್ದೆ ಇರ್ಲಿ ಅಂತ ಅಲ್ಲಿ ಮರದ ತುಂಡು ಅಡ್ಡ ಇಟ್ಟಿದ್ರು. ಜಾಗ ಸಾಲ್ದು ಅಂತ ಅದನ್ನ ತೆಗ್ದು ನಿಂಬೆಹಣ್ಣು ಇಟ್ಬುಟ್ಟೆ.”

“ಆಮೇಲೆ?” ಎಂದ ಮುಂದಿನ ಬೆಂಚಿನ ಲಿಖಿತ್.

“ಆಮೇಲೇನು? ನಿಂಬೆಹಣ್ಣು ಪಾಪ, ಎಷ್ಟಂತ ತಡ್ಕೊಳ್ತದೆ? ಇಳಿಜಾರಲ್ಲಿ ಎಂಜಿನ್ನು ಹಾರ ಹಾಕ್ಕೊಂಡು ಮದುಮಗನಂಗೆ ಹೊರಟ್ಹೋಯ್ತು. ಹಳಿ ಮುಗೀತು, ಅದರ ಮೆರವಣಿಗೆ ಮುಗೀಲಿಲ್ಲ. ಕಾಂಪೌಂಡ್ ಗೋಡೆ ಒಡ್ಕೊಂಡು ಆಚೆ ಹೋಗಿ ಮಣ್ಣಲ್ಲಿ ಹೂತ್ಕೊಂಡ್ತು.”

ಮಕ್ಕಳು ಡೆಸ್ಕ್ ಬಡಿದು ನಕ್ಕರು. ಸುಷ್ಮಿತಾಳ ಕಿವಿ ಬಿಸಿಯಾಯಿತು.

“ಯಾರಿಗಾದ್ರೂ ಪೆಟ್ಟಾಯ್ತಾ ತಾತ?” ಲಿಖಿತ್ ಕೇಳಿದ.

“ಗೋಡೆ ಆಚೆ ನಲ್ಲಿ ಇತ್ತು ಕಣಪ್ಪ. ದಿನಾ ಅಷ್ಟೊತ್ತಿಗೆ ಹೆಂಗಸ್ರು ಬಿಂದಿಗೆ ಹಿಡ್ಕೊಂಡು ನಿಂತಿರೋರು. ಅವತ್ತು ಹಬ್ಬ, ಬೆಳಿಗ್ಗೇನೇ ನೀರು ಹಿಡ್ಕೊಂಡು ಹೋಗಿದ್ರು.” ತಾತ ಕನ್ನಡಕ ತೆಗೆದು ಒರೆಸಿದರು. “ಸಾಹೇಬ್ರು ಕೇಳೋಕೆ ಮುಂಚೆ ನಾನೇ ಹೋಗಿ ಹೇಳ್ಬುಟ್ಟೆ. ಒಂದು ತಿಂಗ್ಳು ಮನೇಲಿ ಕೂರ್ಸಿದ್ರು.”

ಮನೆಯಲ್ಲಿ ಈ ಕತೆಯನ್ನು ನೂರು ಸಲ ಕೇಳಿದ್ದರೂ ನಲ್ಲಿಯ ಮಾತನ್ನು ಸುಷ್ಮಿತಾ ಕೇಳಿದ್ದು ಇದೇ ಮೊದಲು.

“ಹಾಗಾದ್ರೆ ಬ್ರೇಕ್ ಎಳೆದಿದ್ದು?” ಮಿಸ್ ಹುಬ್ಬೇರಿಸಿ ಸುಷ್ಮಿತಾಳ ಕಡೆ ನೋಡಿದರು.

“ಅದಾ? ನಾನೇ ಮಗೀಗೆ ಬುರುಡೆ ಬಿಟ್ಟಿದ್ದೆ ಮೇಡಂ,” ಎಂದರು ತಾತ ಥಟ್ಟನೆ.

ಎಂಜಿನ್ ಗೋಡೆ ಒಡೆದಾಗಲೂ ಸುಳ್ಳು ಹೇಳದ ಮನುಷ್ಯ ಈಗ ಅವಳಿಗೋಸ್ಕರ ಸುಳ್ಳು ಹೇಳಿದ್ದರು. ಬಚಾವಾದೆ ಎಂದು ಸುಷ್ಮಿತಾಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಅವಳು ಎದ್ದು ನಿಂತಳು.

“ತಾತ ಸುಳ್ಳು ಹೇಳ್ತಿದಾರೆ ಮಿಸ್. ಬುರುಡೆ ಬಿಟ್ಟಿದ್ದು ನಾನು.”

ಕ್ಲಾಸೆಲ್ಲ ಅವಳತ್ತ ತಿರುಗಿತು, ಆದರೂ ಅವಳು ಕೂರಲಿಲ್ಲ. ಅವತ್ತು ಸಾಹೇಬರ ಮುಂದೆ ತಾತ ಹೇಗೆ ನಿಂತಿದ್ದಿರಬೇಕೆಂದು ಅವಳಿಗೆ ಗೊತ್ತಾಯಿತು.